ತಗಡೂರಿಗೆ ಪ್ಯಾಸೆಂಜರ್ ಗಾಡಿ

ಕೃಷ್ಣಗಿರಿಗೆ ರೈಲಿಲ್ಲ. 2004ರಲ್ಲಿ ಜಿಲ್ಲಾ ಕೇಂದ್ರವಾದ ಊರು, ಬೆಂಗಳೂರು–ಚೆನ್ನೈ ಹೆದ್ದಾರಿಯ ಮಗ್ಗುಲಲ್ಲೇ ಇದೆ. ಆದರೂ ರೈಲು ಹತ್ತಬೇಕೆಂದರೆ ಅಲ್ಲಿಯವರು ಹೊಸೂರಿಗೋ ಧರ್ಮಪುರಿಗೋ ಜೋಲಾರ್‌ಪೇಟೆಗೋ ಬಸ್ಸು ಹಿಡಿದು ಬರಬೇಕು. ಹಿಂದೆ ಹೀಗಿರಲಿಲ್ಲ ಅನ್ನುವುದು ಇನ್ನೂ ಹೊಟ್ಟೆ ಉರಿಸುವ ಸಂಗತಿ. 1905ರಲ್ಲಿ ತಿರುಪ್ಪತ್ತೂರಿನಿಂದ ಕೃಷ್ಣಗಿರಿಗೆ ಎರಡೂವರೆ ಅಡಿ ಅಗಲದ ಹಳಿ ಬಂದಿತ್ತು. ಮರುವರ್ಷ ಮೊರಪ್ಪೂರಿನಿಂದ ಧರ್ಮಪುರಿಗೆ ಅಂಥದೇ ಇನ್ನೊಂದು. 1913ರಲ್ಲಿ ಅದು ಹೊಸೂರಿನ ತನಕ ಬೆಳೆಯಿತು. ಮಳೆ ನೆಚ್ಚಲಾಗದ ಸೀಮೆಗೆ ಬರಗಾಲದಲ್ಲಿ ಕಾಳುಕಡಿ ಮುಟ್ಟಿಸಲೆಂದು ಹಾಕಿದ ಪುಟ್ಟ ರೈಲುಗಳು ಅವು. ಎರಡನೇ ಮಹಾಯುದ್ಧದ ಕಾಲದಲ್ಲಿ ಎರಡನ್ನೂ ನಿಲ್ಲಿಸಿ ಹಳಿ ಕಿತ್ತರು. ಹೊಸೂರು, ಧರ್ಮಪುರಿಗಳಿಗೆ 1960ರ ದಶಕದಲ್ಲಿ ಬೆಂಗಳೂರು–ಸೇಲಂ ಮೀಟರ್ ಗೇಜ್ ಆಗಿ ರೈಲು ಮರಳಿತು, 90ರ ದಶಕದಲ್ಲಿ ಬ್ರಾಡ್ ಗೇಜ್ ಆಯಿತು. ಕೃಷ್ಣಗಿರಿಗೆ ಮರಳಲೇ ಇಲ್ಲ. ಚುನಾವಣೆ ಬಂದಾಗೆಲ್ಲ ಒಂದು ಸಲ ಬರುತ್ತದೆ, ಭಾಷಣದಲ್ಲಿ.

ಹಾಗಾಗಿ ಈ ಸೀಮೆಯ ಹಳೆಯ ಊರೊಂದನ್ನು ರೈಲಿನಲ್ಲೇ ಹೋಗಿ ನೋಡಿ ಸಂಜೆಗೆ ಮನೆ ಸೇರಬೇಕೆಂದರೆ ಸುಲಭದ ದಾರಿ ಹೊಸೂರಿನಲ್ಲಿ ಬೆಳಗಿನ ಗಾಡಿ ಹತ್ತಿ ಧರ್ಮಪುರಿಯಲ್ಲಿ ಇಳಿಯುವುದು. "ಧರ್ಮಪುರಿಯಲ್ಲಿ ಏನಿದೆ ನೋಡೋಕೆ?" ಎಂದು ಹೊರಡುವ ಮುಂಚೆ ಪಕ್ಕದ ಮನೆಯವರು ಕೇಳಿದರು. ಕೇಳಿದ್ದರಲ್ಲಿ ತಪ್ಪಿಲ್ಲ. ನಮ್ಮ ಕಡೆಯವರಿಗೆ ಧರ್ಮಪುರಿ ಎಂದರೆ ಹೊಗೇನಕಲ್ಲಿಗೆ ಬಸ್ಸು ಬದಲಿಸುವ ಜಾಗ. ಜಲಪಾತ ನೋಡಿ, ಮೀನು ತಿಂದು, ಎಣ್ಣೆ ಹಚ್ಚಿಸಿಕೊಂಡು ಸ್ನಾನ ಮಾಡಿ, ಅದೇ ಬಸ್‌ಸ್ಟ್ಯಾಂಡಿಗೆ ಮರಳಿದವರಿಗೆ ಆ ಊರಿನ ಹಳೆಯ ಹೆಸರು ತಗಡೂರು ಎಂದು ಯಾರಾದರೂ ಯಾಕೆ ಹೇಳಿಯಾರು?

ತಗಡೂರಿನ ಕಥೆಗೆ ಎರಡು ಅರ್ಧಗಳಿವೆ, ಎರಡೂ ಬೇರೆ ಬೇರೆ ಮನೆಗಳಲ್ಲಿವೆ. ತಮಿಳು ಶಾಲೆಯ ಹುಡುಗನಿಗೆ ಗೊತ್ತಿರುವುದು ಸಂಗಂ ಕಾಲದ ಅದಿಯಮಾನ್ ನೆಡುಮಾನ್ ಅಂಜಿಯ ತಗಡೂರು. ತಿಂದವರಿಗೆ ಆಯುಷ್ಯ ಕೊಡುವ ಅಪರೂಪದ ನೆಲ್ಲಿಕಾಯಿ ಸಿಕ್ಕಾಗ ತಾನು ತಿನ್ನದೆ ಕವಯಿತ್ರಿ ಔವೈಯಾರ್‌ಗೆ ಕೊಟ್ಟ ದೊರೆ ಅವನು. ಕನ್ನಡದಲ್ಲಿ ಇತಿಹಾಸ ಓದಿದವನಿಗೆ ಗೊತ್ತಿರುವುದು ನೊಳಂಬ ದೊರೆಗಳು. ಆದರೆ ಅವನ ನೊಳಂಬರು ಹೇಮಾವತಿಯಲ್ಲಿ, ನಂದಿಯಲ್ಲಿ, ಆವನಿಯಲ್ಲಿ ನಿಂತುಬಿಡುತ್ತಾರೆ; ಅವರು ತಗಡೂರಿನ ತನಕ ಬಂದು ಅಲ್ಲಿ ಗುಡಿ, ಬಸದಿಗಳ ಕಾಲ ಕಂಡಿದ್ದನ್ನು ಪುಸ್ತಕ ಒಂದು ಸಾಲಿನಲ್ಲಿ ಮುಗಿಸುತ್ತದೆ. ಅತ್ತ ತಮಿಳು ಪುಸ್ತಕದಲ್ಲಿ ಅದಿಯಮಾನ್ ಸತ್ತ ಮೇಲೆ ಊರು ನೂರಾರು ವರ್ಷ ನಿದ್ದೆ ಹೋಗಿ ಚೋಳರು ಬಂದಾಗಲೇ ಏಳುತ್ತದೆ. ಗಡಿಯ ಊರುಗಳ ಹಣೆಬರಹವೇ ಇದು.

ಹೊಸೂರು ನಿಲ್ದಾಣದಲ್ಲಿ ಬೆಳಗಿನ ಜನವೆಲ್ಲ ಆಚೆ ಪ್ಲಾಟ್‌ಫಾರ್ಮಿನಲ್ಲಿ, ಬೆಂಗಳೂರಿನ ಕಡೆ ಮುಖ ಮಾಡಿ ನಿಂತಿರುತ್ತಾರೆ. ಊಟದ ಡಬ್ಬಿ, ಕುತ್ತಿಗೆಯಲ್ಲಿ ಐಡಿ ಕಾರ್ಡು, ಕಿವಿಯಲ್ಲಿ ಇಯರ್‌ಫೋನು. ದಕ್ಷಿಣಕ್ಕೆ ಹೋಗುವ ಗಾಡಿಯಲ್ಲಿ ಮಾತ್ರ ಕಿಟಕಿ ಪಕ್ಕದ ಸೀಟು ಆರಿಸಿಕೊಳ್ಳಬಹುದು. ನಿಲ್ದಾಣದಾಚೆ ಚಂದ್ರಚೂಡೇಶ್ವರನ ಬೆಟ್ಟ; ಕಾರ್ಖಾನೆಗಳು, ಅಪಾರ್ಟ್‌ಮೆಂಟುಗಳು ಎಷ್ಟೇ ಎದ್ದರೂ ಈ ಊರಿನಲ್ಲಿ ದಿಕ್ಕು ತಿಳಿಯಲು ಈಗಲೂ ಅದೇ ಗುರುತು. ಇನ್ನೊಂದು ವಿಷಯ ಹೇಳಬೇಕು: 1956ರ ರಾಜ್ಯಗಳ ಗಡಿ ರೈಲಿಗೆ ಅಂಟಿಲ್ಲ. ಹೊಸೂರೂ ಧರ್ಮಪುರಿಯೂ ತಮಿಳುನಾಡಿನ ಊರುಗಳು, ಆದರೆ ಹಳಿ ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿಯಿರುವ ನೈರುತ್ಯ ರೈಲ್ವೆಯದು, ಬೆಂಗಳೂರು ವಿಭಾಗದ್ದು. ನೊಳಂಬರ ಕಾಲದ ನಕ್ಷೆ ಹುಡುಕುವವನಿಗೆ ಇವತ್ತಿನ ರಾಜ್ಯದ ನಕ್ಷೆಗಿಂತ ರೈಲ್ವೆ ನಕ್ಷೆಯೇ ಹತ್ತಿರ.

ಕೆಲಮಂಗಲದಲ್ಲಿ ಒಬ್ಬರು ತಾತ ಹತ್ತಿದರು. ಕೈಯಲ್ಲಿ ಟೊಮೆಟೊ ಸಸಿಗಳ ಎರಡು ಕಪ್ಪು ಟ್ರೇ. ಸೀಟಿನ ಕೆಳಗೆ ಇಟ್ಟರೆ ಯಾರಾದರೂ ತುಳಿದಾರೆಂದು ಒಂದನ್ನು ತೊಡೆಯ ಮೇಲಿಟ್ಟುಕೊಂಡು, ಇನ್ನೊಂದನ್ನು ನನ್ನ ಪಕ್ಕ ಇಟ್ಟು, "ವಸಿ ನೋಡ್ಕಳಿ ಸಾಮಿ" ಅಂದರು. ಕನ್ನಡವೇ. ಫೋನು ಬಂದಾಗ ತೆಲುಗು, ಟೀ ಹುಡುಗನ ಹತ್ತಿರ ಚಿಲ್ಲರೆ ಜಗಳಕ್ಕೆ ತಮಿಳು.

"ಮಾರಂಡಹಳ್ಳಿಗಾ ತಾತ?"

"ಊಂ. ಅಳಿಯನ ತೋಟ. ಇಲ್ಲಿ ನರ್ಸರೀಲಿ ಸಸಿ ಚೆನ್ನಾಗೈತೆ. ಹೋದ್ಸಲ ಬೆಲೆ ಇಲ್ದೆ ಹಣ್ಣೆಲ್ಲ ರೋಡಿಗೆ ಸುರುದ್ವಿ. ಆದ್ರೂ ಹಾಕ್ಬೇಕಲ್ಲ?"

ರಾಯಕೋಟೆ, ಪಾಲಕ್ಕೋಡು ಕಡೆಯ ಟೊಮೆಟೊ ಬೇಸಾಯದ ಪೂರ್ತಿ ಅರ್ಥಶಾಸ್ತ್ರ ಆ ಮೂರು ಮಾತಿನಲ್ಲಿತ್ತು.

ರಾಯಕೋಟೆ ಬರುವಷ್ಟರಲ್ಲಿ ನೆಲ ಬದಲಾಗುತ್ತದೆ. ಕೆಂಪು ಮಣ್ಣಿನ ನಡುವೆ ಬಂಡೆ ತಲೆಯೆತ್ತುತ್ತದೆ, ಹುಣಸೆಮರ ಹೆಚ್ಚುತ್ತದೆ, ಕಿಟಕಿಯ ಗಾಳಿ ಬಿಸಿಯಾಗುತ್ತದೆ. ಹೊಸೂರಿನಿಂದ ಧರ್ಮಪುರಿಗೆ ಬರುವಷ್ಟರಲ್ಲಿ ನಾವು ಸುಮಾರು 400 ಮೀಟರ್ ಕೆಳಗಿಳಿದಿರುತ್ತೇವೆ. ಮೈಸೂರು ಪ್ರಸ್ಥಭೂಮಿಯ ಅಂಚಿನಿಂದ ಬಾರಾಮಹಲ್ ಸೀಮೆಗೆ ಇಳಿಯುವ ಮೆಟ್ಟಿಲು ಇದು. ಮೆಟ್ಟಿಲಿನ ಕಾವಲಿಗೆಂದೇ ಕಟ್ಟಿದಂತೆ ರಾಯಕೋಟೆಯ ಬೆಟ್ಟ ನಿಂತಿದೆ, ನೆತ್ತಿಯಲ್ಲಿ ಕೋಟೆ. 1791ರ ಜುಲೈಯಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯ ಟಿಪ್ಪುವಿನ ಕೈಯಿಂದ ಹೊಸೂರನ್ನೂ ಈ ಕೋಟೆಯನ್ನೂ ಕಿತ್ತುಕೊಂಡಿತು; ರಾಯಕೋಟೆ ಹಿಡಿದವನು ಮೇಜರ್ ಗೌಡಿ. ಮರುವರ್ಷದ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಬಾರಾಮಹಲ್ ಇಂಗ್ಲಿಷರ ಪಾಲಾಯಿತು. ಅಲ್ಲಿ ಕಂದಾಯ ಗೊತ್ತುಮಾಡಲು ಬಂದ ಅಲೆಕ್ಸಾಂಡರ್ ರೀಡ್ ಮತ್ತು ಅವನ ಕೈಕೆಳಗಿನ ಥಾಮಸ್ ಮನ್ರೋ ರೈತವಾರಿ ಪದ್ಧತಿಯ ಮೊದಲ ಪ್ರಯೋಗ ಮಾಡಿದ್ದು ಇದೇ ಹೊಲಗಳಲ್ಲಿ. ಈ ಕೋಟೆಗಳನ್ನೆಲ್ಲ ಯುದ್ಧದ ಕಥೆಯಾಗಿಯೇ ಹೇಳುವುದು ವಾಡಿಕೆ. ನನಗೇನೋ ತೊಡೆಯ ಮೇಲೆ ಸಸಿ ಇಟ್ಟುಕೊಂಡು ಕೂತವರ ಪಾಲಿಗೆ ಗೌಡಿಗಿಂತ ಮನ್ರೋನೇ ಹೆಚ್ಚು ಲೆಕ್ಕಕ್ಕೆ ಬರುವವನು ಅನ್ನಿಸುತ್ತದೆ.

ಮಾರಂಡಹಳ್ಳಿಯಲ್ಲಿ ಟ್ರೇ ಎರಡನ್ನೂ ಇಳಿಸಿಕೊಟ್ಟೆ. ಪಾಲಕ್ಕೋಡು ಕಳೆಯಿತು. ಧರ್ಮಪುರಿಯಲ್ಲಿ ಇಳಿದಾಗ ಬಿಸಿಲು ಬಲಿತಿತ್ತು.

"ಕೋಟೈ ಕೋವಿಲ್" ಎಂದರೆ ಯಾವ ಆಟೊದವನಿಗೂ ಗೊತ್ತು. ಕೋಟೆ ಮಾತ್ರ ಹೆಸರಿನಲ್ಲಿದೆ. ಬೀದಿ, ಸೈಕಲ್ ಅಂಗಡಿ, ಮನೆ ಮುಂದಿನ ರಂಗೋಲಿ ದಾಟಿ ಹೋದರೆ ಒಮ್ಮೆಲೇ ಹಳೆಯ ಕಲ್ಲಿನ ಎರಡು ದೇವಸ್ಥಾನಗಳ ಆವರಣ. ಒಂದು ಪರವಾಸುದೇವ ಪೆರುಮಾಳರದು. ಇನ್ನೊಂದು ಮಲ್ಲಿಕಾರ್ಜುನ ಮತ್ತು ಕಾಮಾಕ್ಷಿಯದು. ಮಲ್ಲಿಕಾರ್ಜುನನ ಹೆಸರು ಕೇಳಿದಾಗಲೇ ಕನ್ನಡ ಸೀಮೆಯವನಿಗೆ ಕಿವಿ ನೆಟ್ಟಗಾಗುತ್ತದೆ. ಈ ಗುಡಿಯ ಹಳೆಯ ಭಾಗ ನೊಳಂಬರ ಕಾಲದ್ದು, 9–10ನೇ ಶತಮಾನದ್ದು.

ಮಹಾಮಂಟಪದಲ್ಲಿ ಕಣ್ಣು ಕತ್ತಲಿಗೆ ಒಗ್ಗಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಆಮೇಲೆ ತಲೆಯೆತ್ತಿ ನೋಡಿದರೆ ಚಾವಣಿಯಲ್ಲಿ ಒಂಬತ್ತು ಚೌಕ: ನಡುವೆ ಶಿವ, ಸುತ್ತ ಎಂಟು ದಿಕ್ಕಿನ ಒಡೆಯರು ತಂತಮ್ಮ ವಾಹನಗಳ ಮೇಲೆ. ನಂದಿಬೆಟ್ಟದ ಕೆಳಗಿನ ಭೋಗನಂದೀಶ್ವರ, ಆವನಿಯ ಗುಡಿಗಳನ್ನು ನೋಡಿದವರಿಗೆ ಇದು ಪರಿಚಯದ ಕೈ. ನೊಳಂಬರ ಶಿಲ್ಪಿಗಳಿಗೆ ಗೋಡೆಗಿಂತ ಚಾವಣಿ, ಜಾಲಂಧ್ರ, ಕಂಬಗಳ ಮೇಲೆ ಮೋಹ. ಹೊಯ್ಸಳರ ಹಾಗೆ ಮೈತುಂಬ ಒಡವೆ ಹೇರುವುದಿಲ್ಲ. ಮೂರ್ತಿಯ ಮೈಕಟ್ಟು ಕಾಣುವಷ್ಟೇ ಅಲಂಕಾರ. ನನ್ನನ್ನು ಕೇಳಿದರೆ ಕರ್ನಾಟಕದ ಶಿಲ್ಪದಲ್ಲಿ ಅತಿ ಕಡಿಮೆ ಹೊಗಳಿಸಿಕೊಂಡವರು ಇವರೇ. ಇವರ ರಾಜಧಾನಿ ಹೇಮಾವತಿ, ಅಂದರೆ ಶಾಸನಗಳ ಹೆಂಜೇರು, ಆಂಧ್ರದ ಮಡಕಶಿರಾ ಕಡೆಗೆ ಸೇರಿತು, ನಂದಿ, ಆವನಿ ಕರ್ನಾಟಕದಲ್ಲಿ ಉಳಿದವು, ತಗಡೂರು ತಮಿಳುನಾಡಿನಲ್ಲಿ. ಮೂರು ರಾಜ್ಯಕ್ಕೆ ಹಂಚಿಹೋದ ಮನೆತನವನ್ನು ತಮ್ಮದೆಂದು ಎತ್ತಿ ಹೇಳಿಕೊಳ್ಳುವ ಸರ್ಕಾರ ಒಂದೂ ಇಲ್ಲ.

ಇದೇ ಗುಡಿಯಲ್ಲಿ ಜನರೆಲ್ಲ ಮುಗಿಬಿದ್ದು ನೋಡುವುದು ಬೇರೊಂದನ್ನು: ತೂಗು ಕಂಬ. ಲೇಪಾಕ್ಷಿಯಲ್ಲಿ ಇರುವಂಥದು. ಅರ್ಚಕರು ನನ್ನ ಕೈಯಲ್ಲಿದ್ದ ರೈಲು ಟಿಕೆಟ್ ಇಸಕೊಂಡು ಕಂಬದ ಬುಡದಲ್ಲಿ ಈ ಕಡೆಯಿಂದ ತಳ್ಳಿದರು. ಅರ್ಧ ದೂರ ಸಲೀಸಾಗಿ ಹೋಗಿ ಒಂದು ಕಡೆ ತಡೆಯಿತು. ಸ್ವಲ್ಪ ಓರೆ ಮಾಡಿ ಎಳೆದರು, ಆಚೆ ಬಂತು, ಅಂಚಿಗೆ ನೂರಾರು ವರ್ಷದ ಎಣ್ಣೆಜಿಡ್ಡು ಬಳಿದುಕೊಂಡು. "ಪಾತ್ತೀಂಗಳಾ?" ಎಂದು ಗೆದ್ದವರ ಹಾಗೆ ನಕ್ಕರು. ಅದೇ ಟಿಕೆಟ್ ಸಂಜೆ ಯಾರಾದರೂ ತಪಾಸಣೆಗೆ ಕೇಳಿದರೆ ಏನು ಹೇಳುವುದು ಎಂದು ನಾನು ಜೇಬಿಗೆ ಹಾಕಿಕೊಂಡೆ.

ಕಾಮಾಕ್ಷಿಯ ಗುಡಿ ಎತ್ತರದ ಜಗಲಿಯ ಮೇಲಿದೆ, ಕಡಿದಾದ ಮೆಟ್ಟಿಲು. ಬಂದವರು ಮೇಲಕ್ಕೆ, ದೇವಿಯ ಕಡೆಗೆ ನೋಡುತ್ತ ಹತ್ತುತ್ತಾರೆ. ನೋಡಬೇಕಾದ ಇನ್ನೊಂದು ಸಂಗತಿ ಕಾಲಿನ ಮಟ್ಟದಲ್ಲಿದೆ. ಅಧಿಷ್ಠಾನದ ಸುತ್ತ ಗೇಣಗಲದ ಪಟ್ಟಿಯಲ್ಲಿ ರಾಮಾಯಣ. ಕೂತು ನೋಡಬೇಕು, ಕೂತೇ ಸರಿಯಬೇಕು. ಬಿಲ್ಲು ಹಿಡಿದವರು, ಕೋತಿಗಳು, ರಥ, ಕೈಮುಗಿದವರು. ಕೆಲವು ಕಡೆ ಕುಂಕುಮ ಮೆತ್ತಿ ಮುಖ ಮುಚ್ಚಿದೆ, ಕೆಲವು ಕಡೆ ದೀಪದ ಮಸಿ. ಒಂದು ಮೂಲೆಯಲ್ಲಿ ಯಾರೋ ಸೀರೆಯ ಸೆರಗಿನಿಂದಲೋ ಏನೋ ಒರೆಸಿದ್ದರು. ಅಲ್ಲಿ ಮಾತ್ರ ಕಲ್ಲು ಹೊಳೆಯುತ್ತ ಒಂದು ಕೋತಿಯ ಬಾಲ, ಬಾಗಿದ ಬೆನ್ನು, ಎತ್ತಿದ ಕೈ ಸ್ಪಷ್ಟವಾಗಿ ಕಂಡವು. ಗೇಣಗಲದಲ್ಲಿ ಇಷ್ಟು ಜೀವ ತುಂಬಿದವನ ಉಳಿಯ ತುದಿ ಎಷ್ಟು ಸಣ್ಣದಿದ್ದಿರಬೇಕು. ನಾನು ಮಂಡಿಯೂರಿ ಸರಿಯುತ್ತಿದ್ದುದನ್ನು ನೋಡಿದ ಒಬ್ಬ ಅಮ್ಮ ಅದೇನೋ ಹರಕೆಯೆಂದು ತಿಳಿದು ದಾರಿ ಬಿಟ್ಟರು.

ನೊಳಂಬರು ಇಲ್ಲಿದ್ದುದಕ್ಕೆ ಗುಡಿಗಿಂತ ಗಟ್ಟಿ ಸಾಕ್ಷಿ ಧರ್ಮಪುರಿಯಲ್ಲಿ ಸಿಕ್ಕ ಒಂದು ಕಂಬದ ಶಾಸನ. ಮಹೇಂದ್ರ ನೊಳಂಬನ ಕಾಲದ್ದು, ಶಕ 815, ಅಂದರೆ ಕ್ರಿ.ಶ. 893. ನಿಧಿಯಣ್ಣ, ಚಂದಿಯಣ್ಣ ಎಂಬಿಬ್ಬರು ತಗಡೂರಿನಲ್ಲಿ ಬಸದಿ ಕಟ್ಟಿಸಿದರು. ದೊರೆಯಿಂದ ಮೂಲಪಳ್ಳಿ ಎಂಬ ಹಳ್ಳಿಯನ್ನು ಪಡೆದು, ಬಸದಿಯ ಪೂಜೆಗೆ, ರಿಪೇರಿಗೆ ಎಂದು ಕನಕಸೇನ ಸಿದ್ಧಾಂತ ಭಟಾರರಿಗೆ ಬಿಟ್ಟರು. ಅಷ್ಟೇ ವಿಷಯ. ಆದರೆ ಯೋಚಿಸಿ: ಅದಿಯಮಾನನ ಊರು, ಶಿವನ ಗುಡಿ ಕಟ್ಟಿದ ಮನೆತನ, ಅಲ್ಲಿ ಕನ್ನಡದ ಹೆಸರಿಟ್ಟುಕೊಂಡ ಇಬ್ಬರು, ಅವರ ಬಸದಿ, ಮುಂದೆ ಅದು ಸೋರಿದರೆ ದುರಸ್ತಿಗೆ ಬೇಕಾಗುವ ಹಣದ ಏರ್ಪಾಡು ಕಲ್ಲಿನ ಮೇಲೆ. ಗುಡಿ ಕಟ್ಟುವವರು ಎಲ್ಲ ಕಾಲದಲ್ಲೂ ಸಿಗುತ್ತಾರೆ. ಸೋರಿಕೆಯ ಬಗ್ಗೆ ಮೊದಲೇ ಯೋಚಿಸುವವರು ಅಪರೂಪ. ಮಹೇಂದ್ರನ ಮಗ ಅಯ್ಯಪದೇವನೂ ಅದೇ ಬಸದಿಗೆ ದಾನ ಕೊಟ್ಟ. ಇವತ್ತು ಬಸದಿಯಿಲ್ಲ, ದುರಸ್ತಿಗೆ ಬರೆಸಿದ ಅಕ್ಷರವಿದೆ.

ನೊಳಂಬರಿಗೂ ಒಳ್ಳೆಯ ಕೊನೆ ಆಗಲಿಲ್ಲ. ಗಂಗರ ಇಮ್ಮಡಿ ಮಾರಸಿಂಹ 10ನೇ ಶತಮಾನದಲ್ಲಿ ಅವರನ್ನು ಬಗ್ಗುಬಡಿದು 'ನೊಳಂಬಕುಲಾಂತಕ' ಎಂದು ಹೇಳಿಕೊಂಡ. ಸ್ವಲ್ಪ ಕಾಲಕ್ಕೆ ಚೋಳರು ಬಂದು ಗಂಗರನ್ನೂ ನುಂಗಿದರು. ರಾಜರಾಜ ಗೆದ್ದ ನಾಡುಗಳ ಪಟ್ಟಿಯಲ್ಲಿ ಗಂಗಪಾಡಿ, ನುಳಂಬಪಾಡಿ, ತಡಿಗೈಪಾಡಿ ಸಾಲಾಗಿ ಬರುತ್ತವೆ. ಹೇಮಾವತಿಯ ಕುಸುರಿ ಕಂಬಗಳನ್ನು ಚೋಳರು ಕಿತ್ತು ತಂಜಾವೂರಿನ ಹತ್ತಿರದ ತಿರುವೈಯಾರಿಗೆ ಸಾಗಿಸಿದರು, ಈಗಲೂ ಅಲ್ಲಿನ ಗುಡಿಯ ಪ್ರಾಕಾರದಲ್ಲಿ ನಿಂತಿವೆ. ಯುದ್ಧದಲ್ಲಿ ಚಿನ್ನ ಹೊತ್ತುಕೊಂಡು ಹೋಗುವವರ ಕಥೆ ಸಾಮಾನ್ಯ, ಕಂಬ ಹೊತ್ತುಕೊಂಡು ಹೋದವರು ಎಷ್ಟು ಆಸೆಪಟ್ಟಿರಬೇಕು!

ಊಟಕ್ಕೆ ಒಂದು ಚಿಕ್ಕ ಮೆಸ್ಸು. ರಾಗಿ ಕಳಿ, ಕೀರೆ ಮಸಿಯಲ್. ಹೆಸರು ಬದಲಾಗಿದೆ, ತಟ್ಟೆಯಲ್ಲಿದ್ದುದು ಮುದ್ದೆ, ಸೊಪ್ಪಿನ ಮಸ್ಸೊಪ್ಪು.

ಸರ್ಕಾರಿ ಮ್ಯೂಸಿಯಂ ಇಡೀ ಊರಿನಲ್ಲಿ ತಂಪಾದ ಜಾಗ. ಧರ್ಮಪುರಿ, ಕೃಷ್ಣಗಿರಿ, ಚೆಂಗಂ ಸೀಮೆ ವೀರಗಲ್ಲುಗಳ ತವರು. ತುರು ಕಾಯಲು ಹೋಗಿ ಸತ್ತವನು, ತುರು ಹೊಡೆಯಲು ಹೋಗಿ ಸತ್ತವನು. ಎರಡು ಕಡೆಯವರಿಗೂ ಒಂದೇ ಥರ ಕಲ್ಲು. ಇಲ್ಲಿನ ಹಳೆಯ ಕಲ್ಲುಗಳ ಮೇಲೆ ವಟ್ಟೆಳುತ್ತು ಲಿಪಿ, ಬಿಲ್ಲು ಎಳೆದು ನಿಂತ ವೀರ, ಕಾಲ ಬಳಿ ದನ. ನಮ್ಮ ಕಡೆಯ ವೀರಗಲ್ಲಿನ ಹಾಗೆ ಮೂರು ಅಂತಸ್ತು, ಅಪ್ಸರೆಯರು, ಕೈಲಾಸ ಅಂತ ಬೆಳೆದಿಲ್ಲ. ಸತ್ತ ಗಳಿಗೆಯಲ್ಲೇ ನಿಲ್ಲಿಸಿಬಿಟ್ಟಿದ್ದಾರೆ. ಅವುಗಳ ನಡುವೆ ಓಡಾಡುವಾಗ ನೆನಪಾದದ್ದು ಚೆಂಗಂ ಕಡೆಯ ಎಡುತ್ತನೂರಿನ ಕಲ್ಲು. ಪಲ್ಲವ ಮಹೇಂದ್ರವರ್ಮನ ಕಾಲದ ಆ ಕಲ್ಲಿನಲ್ಲಿ ವೀರನ ಜೊತೆಗೆ ಅವನ ನಾಯಿಯೂ ಇದೆ, ಕೋವಿವನ್ ಎಂಬ ಹೆಸರಿನ ಸಮೇತ. ನಮ್ಮ ಆತಕೂರಿನ ಕಾಳಿಗೆ, ಗಂಗ ಬೂತುಗನ ಕಾಲದಲ್ಲಿ ಹಂದಿಯೊಂದಿಗೆ ಕಾದಾಡಿ ಸತ್ತ ಆ ನಾಯಿಗೆ, ಇದು ಮುನ್ನೂರು ವರ್ಷ ಹಿರಿಯಣ್ಣ. ಆತಕೂರಿನ ಕಲ್ಲು ಈಗ ಬೆಂಗಳೂರಿನ ಮ್ಯೂಸಿಯಂನಲ್ಲಿದೆ. ಕೋವಿವನ್, ಕಾಳಿ ಇಬ್ಬರನ್ನೂ ಒಂದೇ ಪಾಠದಲ್ಲಿ ಮಕ್ಕಳಿಗೆ ಹೇಳಿಕೊಟ್ಟರೆ ಗಡಿಯ ಎರಡೂ ಕಡೆ ಆ ಪಾಠ ಮರೆಯುವವರಿಲ್ಲ.

ಅದಿಯಮಾನ್‌ಕೋಟ್ಟೈ ಸೇಲಂ ದಾರಿಯಲ್ಲಿ ಏಳೆಂಟು ಕಿಲೋಮೀಟರ್. ಬಸ್ಸಿನಲ್ಲಿ ಹೋಗಿ ಬರಲು ಹೊತ್ತು ಸಾಕಿತ್ತು. ಕಾಲಭೈರವನ ಗುಡಿಗೆ ಜನ ಜಾತ್ರೆಯ ಹಾಗೆ ಬರುತ್ತಾರೆ. ಹತ್ತಿರದ ಚೆನ್ನರಾಯ ಪೆರುಮಾಳ್ ಗುಡಿಯಲ್ಲಿ ನಾನೊಬ್ಬನೇ. ಹೆಸರು ನೋಡಿ, ಚೆನ್ನರಾಯ ಪೆರುಮಾಳ್! ಅರ್ಧ ನಮ್ಮದು, ಅರ್ಧ ಅವರದು. ಮಂಟಪದ ಚಾವಣಿಯಲ್ಲಿ ರಾಮಾಯಣ, ಮಹಾಭಾರತದ ಚಿತ್ರಗಳಿವೆ, ಕೆಂಪು ಕಾವಿ ಬಣ್ಣ ಅಲ್ಲಲ್ಲಿ ಉದುರಿದೆ. ಅಲ್ಲೇ ಅದಿಯಮಾನನಿಗೂ ಔವೈಯಾರ್‌ಗೂ ಮೀಸಲಾದ ಸ್ಮಾರಕವಿದೆ. ನೆಲ್ಲಿಕಾಯಿಯ ಪ್ರಸಂಗ ಶಿಲ್ಪವಾಗಿದೆ. ನನಗೆ ಅದಕ್ಕಿಂತ ಇಷ್ಟವಾದ ಔವೈಯ ಇನ್ನೊಂದು ಕಥೆ ಅಲ್ಲಿ ಕಣ್ಣಿಗೆ ಬೀಳಲಿಲ್ಲ. ಯುದ್ಧ ತಪ್ಪಿಸಲು ಅದಿಯಮಾನ್ ಅವಳನ್ನು ಎದುರಾಳಿ ದೊರೆ ತೊಂಡೈಮಾನನ ಬಳಿಗೆ ದೂತಿಯಾಗಿ ಕಳಿಸಿದ. ತೊಂಡೈಮಾನ್ ಹೆದರಿಸಲೆಂದು ತನ್ನ ಆಯುಧಶಾಲೆ ತೋರಿಸಿದ. ಔವೈ ಎಲ್ಲವನ್ನೂ ಮೆಚ್ಚಿ, ನಿನ್ನವು ಇಷ್ಟು ಹೊಸದಾಗಿ ಹೊಳೆಯುತ್ತಿವೆ, ನಮ್ಮ ದೊರೆಯವು ತುದಿ ಮುರಿದು ಕುಲುಮೆಯಲ್ಲಿ ಬಿದ್ದಿರುತ್ತವೆ ಎಂಬರ್ಥದ ಮಾತಾಡಿ ಬಂದಳು. ಹೊಗಳಿದಂತೆ ಚುಚ್ಚುವ ಈ ವಿದ್ಯೆಗೆ ತಮಿಳಿನಲ್ಲಿ ಇಷ್ಟು ಹಳೆಯ ಗುರು ಇದ್ದಾಳೆ. ಅಷ್ಟಾದರೂ ತಗಡೂರು ಉಳಿಯಲಿಲ್ಲ. ಚೇರರ ಪೆರುಂಜೇರಲ್ ಇರುಂಪೊರೈ ಮುತ್ತಿ ಗೆದ್ದ.

ಅಂದ ಹಾಗೆ ಅಶೋಕನ ಬಂಡೆ ಶಾಸನದಲ್ಲಿ ಚೋಳ, ಪಾಂಡ್ಯ, ಕೇರಳರ ಜೊತೆಗೆ ಸತಿಯಪುತ ಎಂಬ ಇನ್ನೊಂದು ಹೆಸರು ಬರುತ್ತದೆ. ಅವರು ಯಾರೆಂದು ವಿದ್ವಾಂಸರು ಬಹಳ ಕಾಲ ತಲೆ ಕೆಡಿಸಿಕೊಂಡಿದ್ದರು. 1981ರಲ್ಲಿ ತಿರುಕ್ಕೋಯಿಲೂರು ಬಳಿಯ ಜಂಬೈಯಲ್ಲಿ ಸಿಕ್ಕ ತಮಿಳು ಬ್ರಾಹ್ಮಿ ಶಾಸನದಲ್ಲಿ ಸತಿಯಪುತ್ರ ಅದಿಯನ್ ನೆಡುಮಾನ್ ಅಂಜಿ ಎಂದೇ ಬರೆದಿತ್ತು. ಅಶೋಕ ನೆರೆಯವನೆಂದು ಗುರುತಿಸಿದ ಮನೆತನದ ಊರಿಗೆ ನಾವು ಬಸ್ಸು ಬದಲಿಸಲು ಇಳಿಯುತ್ತೇವೆ.

ಸಂಜೆಯ ಗಾಡಿಯಲ್ಲಿ ಎದುರು ಸೀಟಿನವರು ಪಾಲಕ್ಕೋಡಿನಲ್ಲಿ ಹತ್ತಿದ ನಿವೃತ್ತ ಮೇಷ್ಟರು, ಹೊಸೂರಿನಲ್ಲಿ ಮಗಳ ಮನೆಗೆ ಹೊರಟವರು. ಇತಿಹಾಸ ಪಾಠ ಮಾಡಿದವರಂತೆ. ಕೈಯಲ್ಲಿದ್ದ ನನ್ನ ಟಿಪ್ಪಣಿ ನೋಡಿ ಮಾತಿಗೆ ಬಂದರು, ಹೊಸೂರು ಸೀಮೆಯ ಕನ್ನಡದಲ್ಲಿ.

"ನೊಳಂಬರಾ? ಪೇರು ಕೇಳಿದೀನಿ ಸಾರ್. ಪಾಠದಲ್ಲಿ ಬರಲ್ಲ."

ನಿಧಿಯಣ್ಣ, ಚಂದಿಯಣ್ಣರ ಬಸದಿಯ ಕಥೆ ಹೇಳಿದೆ. ಗಮನವಿಟ್ಟು ಕೇಳಿ, ಕೈಯಲ್ಲಿದ್ದ ಪೇಪರಿನ ಅಂಚಿನಲ್ಲಿ ತಮಿಳು ಅಕ್ಷರದಲ್ಲಿ ಎರಡೂ ಹೆಸರು ಬರೆದುಕೊಂಡರು.

"ಸರಿ, ನಿಮ್ಮ ಪುಸ್ತಕದಲ್ಲಿ ನಮ್ಮ ಅದಿಯಮಾನ್ ಇದಾನಾ?"

"ಇದಾನೆ ಸಾರ್. ಆದ್ರೆ ಸಾವಿರ ವರ್ಷ ಆದ ಮೇಲಿನ ಅದಿಯಮ. ಚೋಳರ ಕಡೆಯಿಂದ ತಲಕಾಡಿನಲ್ಲಿ ಕೂತಿದ್ದ. 1116ರಲ್ಲಿ ವಿಷ್ಣುವರ್ಧನನ ದಂಡನಾಯಕ ಗಂಗರಾಜ ಬಂದು ಓಡಿಸಿದ."

"ಔವೈಯಾರ್?"

"ಇಲ್ಲ."

"ನೆಲ್ಲಿಕಾಯಿ?"

"ಅದೂ ಇಲ್ಲ ಸಾರ್. ಓಡಿದ್ದು ಮಾತ್ರ ಇದೆ."

ಮೇಷ್ಟರು ಜೋರಾಗಿ ನಕ್ಕರು. "ನಮ್ಮ ಪುಸ್ತಕದಲ್ಲಿ ಆ ಓಡಿದ್ದೇ ಇಲ್ಲ ನೋಡಿ!"

ರಾಯಕೋಟೆ ದಾಟುವ ಹೊತ್ತಿಗೆ ತಲಕಾಡಿನ ಅದಿಯಮ ನಿಜವಾಗಿ ತಗಡೂರಿನ ಮನೆತನದವನೇ, ಅಥವಾ ಆ ಹೆಸರು ಆಗಲೇ ಬರೀ ಬಿರುದಾಗಿತ್ತೇ ಎಂದು ನಮ್ಮಿಬ್ಬರಿಗೂ ವಾದ ಹತ್ತಿಕೊಂಡಿತ್ತು. ಮೇಷ್ಟರು ಮನೆತನದ ಕಡೆ, ನಾನೂ ಹೆಚ್ಚುಕಡಿಮೆ ಅದೇ ಕಡೆ. ಆದರೂ ಒಪ್ಪಿಬಿಟ್ಟರೆ ಮಾತು ಮುಗಿಯುತ್ತದಲ್ಲ ಎಂದು ಬಿರುದಿನ ಪಕ್ಷ ಹಿಡಿದೆ. ಕೆಲಮಂಗಲದಲ್ಲಿ ಕಡಲೆಕಾಯಿ ಕೊಂಡೆವು. ಹೊಸೂರಿನಲ್ಲಿ ಅವರ ಮೊಮ್ಮಗ ಸ್ಕೂಟರ್ ತಂದು ಕಾಯುತ್ತಿದ್ದ. ಮೇಷ್ಟರು ಹಿಂದೆ ಹತ್ತಿ ಕೂತ ಮೇಲೂ ತಿರುಗಿ, "ತಿರುಮಲೈ ಶಾಸನ ಓದಿ ಸಾರ್, ಪೋಳೂರಿನ ಹತ್ತಿರದ್ದು. ಅದರಲ್ಲೂ ತಗಡೂರಿನ ಅದಿಗೈಮಾನ್ ಇದಾನೆ, ಓದಿ ಆಮೇಲೆ ಮಾತಾಡಿ" ಎಂದು ಕೂಗಿ ಹೇಳಿದರು.